ಹತ್ತು ನಿಮಿಷಕ್ಕೊಮ್ಮೆ ಸಡಿಲಿಸಿದ ಪಟ್ಟಿ

ನಮ್ಮ ಟೋರ್ವಿಕ್ ಊರಿಗೆ ಆಂಬುಲೆನ್ಸ್ ಒಂದೇ. ಓಡಿಸುವವರೂ ನಾವೇ, ಅದರಲ್ಲಿ ಮಲಗುವವರೂ ನಾವೇ. ಸಂಬಳವಿಲ್ಲದ ಸೇವೆ. ಈ ಚಳಿಗಾಲ ರಾಜ್ಯ ಸರ್ಕಾರದಿಂದ ಕಾಗದ ಬಂತು: ಸರ್ಟಿಫಿಕೇಟ್ ಇರುವವರು ಇನ್ನೊಬ್ಬರು ಸೇರದಿದ್ದರೆ ಗಾಡಿ ನಿಲ್ಲಿಸಿ. ಆಮೇಲೆ ಕರೆದರೆ ಬರುವ ಗಾಡಿ ನಲವತ್ತೈದು ಮೈಲಿ ಆಚೆಯದು.

ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿ ಕುಡಿಯುವಾಗ ಲವಾನ್ ಸೀದಾ ವರ್ಲಿನ್ ಹೌಗನ್ ಎದುರು ಹೋಗಿ ಕೂತಳು. ಅವಳು ಶಾಲೆಯಲ್ಲಿ ಅಡುಗೆ ಮಾಡುತ್ತಾಳೆ, ಆಂಬುಲೆನ್ಸಿನವರಿಗೆ ತರಬೇತಿಯನ್ನೂ ಕೊಡುತ್ತಾಳೆ. ವರ್ಲಿನ್ ಮೀಸೆ ಮೂಡುವ ಕಾಲಕ್ಕೇ ಈ ಕೆಲಸ ಕಲಿತವನು. ಮತ್ತೆ ಮತ್ತೆ ತರಬೇತಿ ಅಂದಾಗ ಮುನಿಸಿಕೊಂಡು ಬಿಟ್ಟು ಬಹಳ ವರ್ಷವಾಯಿತು. ಆದರೂ ಊರಲ್ಲಿ ಯಾರಿಗೆ ಏಟಾದರೂ ಮೊದಲ ಕರೆ ಅವನಿಗೇ.

"ಮಂಗಳವಾರ ತರಗತಿ ಶುರು. ಬಾ ವರ್ಲಿನ್."

ವರ್ಲಿನ್ ಮೂಗಿನಲ್ಲಿ ಮಾತಾಡುತ್ತ ರಾಜಧಾನಿಯ ಗುಮಾಸ್ತನನ್ನು ಅಣಕಿಸಿದ. "'ಶ್ರೀಯುತ ಹೌಗನ್ ಅವರೇ, ತಮಗೆ ನಾಡಿ ಹಿಡಿಯಲು ಬರುತ್ತದೆಯೇ? ನಮೂನೆ ಏಳರಲ್ಲಿ ತುಂಬಿರಿ.' ಲೇ ಲವಾನ್, ಈ ಊರಲ್ಲಿ ನಾಲ್ಕು ಹೆರಿಗೆ ಮಾಡಿಸಿದೀನಿ. ಆ ಕಾಗದ ಬರೆದವನೂ ಅದರಲ್ಲೊಬ್ಬ ಇದ್ದಾನು!"

"ಇದ್ರೆ ಅವತ್ತೇ ನಿನ್ನ ಕೈ ನೋಡಿ ಹೆದರಿರ್ತಾನೆ. ಅದಕ್ಕೇ ಪರೀಕ್ಷೆ ಇಟ್ಟಿದಾನೆ."

ಎಲ್ಲರೂ ನಕ್ಕರು. ವರ್ಲಿನ್ ಲೋಟ ಕೆಳಗಿಟ್ಟ. "ಬರ್ತೀನಿ ಬಿಡು. ಪಾಠಕ್ಕಲ್ಲ. ಮಿರ್ನಾ ಖರ್ಜೂರದ ಬಿಲ್ಲೆ ತರ್ತಾಳಂತಲ್ಲ, ಅದಕ್ಕೆ."

ಮಿರ್ನಾ ನಮ್ಮೂರ ರೈತ ಗಾರ್ಡನ್‌ನ ಹೆಂಡತಿ. ಆಗಸ್ಟಿನಲ್ಲಿ ಗಾರ್ಡನ್‌ನ ತೋಳು ಹುಲ್ಲು ಕಟ್ಟುವ ಯಂತ್ರಕ್ಕೆ ಸಿಕ್ಕಿತ್ತು. ಪಕ್ಕದ ಹೊಲದಿಂದ ವರ್ಲಿನ್ ಓಡಿದ. ತೋಳಿಗೆ ಬಿಗಿಪಟ್ಟಿ ಕಟ್ಟಿದ, ರಕ್ತ ನಿಂತಿತು. ಊರಾಚೆಯ ಆ ಹೊಲಕ್ಕೆ ಆಂಬುಲೆನ್ಸ್ ಬರಲು ಮೂವತ್ತೈದು ನಿಮಿಷ. ಗಾರ್ಡನ್ ಜೀವಂತವಾಗಿ ಆಸ್ಪತ್ರೆ ಮುಟ್ಟಲಿಲ್ಲ. "ಪಾಪ, ವರ್ಲಿನ್ ಕೈಲಾದ್ದೆಲ್ಲ ಮಾಡಿದ" ಅಂದಿತು ಊರು.

ಮಂಗಳವಾರ ಲವಾನ್ ಬಿಗಿಪಟ್ಟಿ ಎತ್ತಿ ತೋರಿಸಿದಳು. "ಗಾಯದ ಮೇಲ್ಗಡೆ ಕಟ್ಟಿ. ಕಟ್ಟಿದ ಹೊತ್ತು ಬರೆದಿಡಿ. ಕಟ್ಟಿದ ಮೇಲೆ..."

ಮುಂದಿನದು ಐದು ತಿಂಗಳಿಂದ ಅವಳು ನುಂಗಿಕೊಂಡಿದ್ದ ಮಾತು.

"ಕಟ್ಟಿದ ಮೇಲೆ ಸಡಿಲ ಮಾಡಬೇಡಿ. ಆಸ್ಪತ್ರೆಯವರೇ ಬಿಚ್ಚಬೇಕು."

ವರ್ಲಿನ್ ಕೈಲಿದ್ದ ಬಿಲ್ಲೆ ಕೆಳಗಿಟ್ಟ. "ಹತ್ತು ನಿಮಿಷಕ್ಕೊಮ್ಮೆ ಸಡಿಲ ಮಾಡ್ಬೇಕಲ್ವಾ? ಕೈಗೆ ಸ್ವಲ್ಪ ರಕ್ತ ಹರೀಲಿ ಅಂತ? ನಮಗೆ ಹಾಗೇ ಹೇಳಿಕೊಟ್ಟಿದ್ದು."

"ಆಗ ಹಾಗೇ ಹೇಳಿಕೊಡ್ತಿದ್ರು. ಸಡಿಲ ಮಾಡಿದಾಗೆಲ್ಲ ರಕ್ತ ಸೋರಿ ಹೋಗುತ್ತೆ ಅಂತ ಆಮೇಲೆ ಬದಲಾಯಿಸಿದ್ರು."

"ಯಾವಾಗ?"

"ನೀನು ಮುನಿಸಿಕೊಂಡು ಹೋದ್ಮೇಲೆ."

ವರ್ಲಿನ್ ತನ್ನ ಬೆರಳುಗಳನ್ನೇ ನೋಡಿದ. "ಗಾರ್ಡನ್‌ಗೆ ಮೂರು ಸಲ ಸಡಿಲ ಬಿಟ್ಟೆ. 'ಈಗ ಹಾಯಾಗಿದೆಯೇನೋ' ಅಂತ ಕೇಳ್ತಿದ್ದೆ ಅವನನ್ನ... ಬಿಡದೇ ಇದ್ದಿದ್ರೆ ಉಳೀತಿದ್ನಾ?"

"ಗೊತ್ತಿಲ್ಲ ವರ್ಲಿನ್. ಉಳೀಬಹುದಿತ್ತು."

ಅವನು ಟೊಪ್ಪಿಗೆ ಹುಡುಕುತ್ತ ಎದ್ದ. ಕಾಫಿ ಜಗ್ಗಿನ ಪಕ್ಕದಲ್ಲಿ ನಿಂತಿದ್ದ ಮಿರ್ನಾ ಬಾಗಿಲಿಗೆ ಅಡ್ಡ ಬಂದಳು.

"ಎಲ್ಲಿಗೆ?"

"ಮಿರ್ನಾ, ನಾನು..."

"ಅವತ್ತು ನಿನಗೆ ಗೊತ್ತಿರಲಿಲ್ಲ. ಇವತ್ತು ಎದ್ದು ಹೋದ್ರೆ ಮಾತ್ರ ನಾನು ಕ್ಷಮಿಸಲ್ಲ. ಕೂತ್ಕೋ."

ಮಿರ್ನಾ ಲವಾನ್ ಕೈಯಿಂದ ಪಟ್ಟಿ ತೆಗೆದುಕೊಂಡು ಅವನಿಗೆ ಕೊಟ್ಟಳು. ತನ್ನ ತೋಳು ಚಾಚಿದಳು. "ಕಟ್ಟು."

ಅಭ್ಯಾಸದ ಕಟ್ಟು, ಬಿಗಿಯಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ಹತ್ತು ನಿಮಿಷ ಕಳೆಯಿತು. ವರ್ಲಿನ್ ಕೈ ತಾನಾಗಿ ಪಟ್ಟಿಯ ಕಡೆ ಹೋಯಿತು. ಅರ್ಧಕ್ಕೇ ನಿಂತಿತು. ವಾಪಸ್ ಬಂದು ಅವನ ಮಡಿಲಲ್ಲಿ ಕೂತಿತು.

ಏಪ್ರಿಲ್‌ನಲ್ಲಿ ಅವನು ಪರೀಕ್ಷೆ ಪಾಸಾದ. ನಮ್ಮ ಗಾಡಿ ನಿಲ್ಲಲಿಲ್ಲ. ಆದರೆ ಗುಮಾಸ್ತನ ಅಣಕ ಮಾಡೋ ಅಂದರೆ ಅವನು ಈಗ ಮಾಡುವುದಿಲ್ಲ.

ಇದನ್ನು ಓದುತ್ತಿರುವವರೇ, ನಿಮ್ಮ ಊರಲ್ಲೂ ಒಬ್ಬ ವರ್ಲಿನ್ ಇರುತ್ತಾನೆ. ಒಳ್ಳೆಯವನು, ಎಲ್ಲರಿಗಿಂತ ಮೊದಲು ಓಡಿ ಬರುವವನು. ಅವನನ್ನು ಕೂರಿಸಿ, ಕಾಫಿ ಕೊಟ್ಟು ಕೇಳಿ: "ನೀನು ಕೊನೆಯ ಸಲ ಕಲಿತದ್ದು ಯಾವಾಗ? ಸರ್ಟಿಫಿಕೇಟಿನ ಮೇಲೆ ತಾರೀಖು ಏನಿದೆ?" ಸಂಕೋಚ ಬೇಡ, ಕೇಳಿ.

ನಾವು ಕೇಳಿರಲಿಲ್ಲ.