ಹೌದಪ್ಪನ ಒಂದು ಕ್ಲಿಕ್ಕು

ಕಂಪ್ಯೂಟರು ಏನೇ ಕೇಳಲಿ, ಹೌದು ಎಂದು ಒತ್ತಿಬಿಡುವುದು ತಮ್ಮನ ಚಟ. ಓದುವ ಗೋಜೇ ಇಲ್ಲ. ಪರದೆಯ ಮೇಲೆ ಎರಡು ಗುಂಡಿ ಕಾಣಿಸಿದರೆ ಸಾಕು, ಬಣ್ಣ ಗಾಢವಾಗಿರುವುದರ ಮೇಲೆ ಅವನ ಬೆರಳು ಬಿದ್ದಾಗಿರುತ್ತಿತ್ತು. ಅದಕ್ಕೇ ಅಕ್ಕ ಅವನಿಗೆ ಹೌದಪ್ಪ ಎಂದು ಹೆಸರಿಟ್ಟಿದ್ದಳು. ಆ ಮಹಾರಾಯ ಅದನ್ನು ಬಿರುದು ಎಂದುಕೊಂಡಿದ್ದ.

ಅಕ್ಕನಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣದು. ಆಸ್ಪತ್ರೆಯ ವೈದ್ಯರು ಬಾಯಲ್ಲಿ ಹೇಳಿ ಕಳಿಸಿದ ವರದಿಗಳನ್ನು ಕೇಳಿಸಿಕೊಂಡು ಟೈಪ್ ಮಾಡುವುದು ಅವಳ ಉದ್ಯೋಗ. ಅದೂ ಮನೆಯಲ್ಲೇ, ಕಿಟಕಿ ಪಕ್ಕದ ಮೇಜಿನಲ್ಲಿ. ಯಾವ ವೈದ್ಯರು ತಿಂಡಿ ಅಗಿಯುತ್ತಾ ಮಾತಾಡುತ್ತಾರೆ, ಯಾರಿಗೆ ಔಷಧದ ಹೆಸರು ಮರೆತಾಗ ಕೆಮ್ಮು ಬರುತ್ತದೆ, ಎಲ್ಲ ಅವಳಿಗೆ ಗೊತ್ತು. ಅವಳು ಟೈಪಿಸಿದ್ದನ್ನು ಕಂಪ್ಯೂಟರು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಆ ಓದು ಎಷ್ಟು ವೇಗವೆಂದರೆ, ಬೇರೆಯವರಿಗೆ ಹರಿದ ಚೀಲದಿಂದ ಕಾಳು ಸುರಿದ ಹಾಗೆ ಕೇಳಿಸುತ್ತಿತ್ತು. ಅಕ್ಕನಿಗೆ ಒಂದಕ್ಷರವೂ ತಪ್ಪುತ್ತಿರಲಿಲ್ಲ.

ಇಷ್ಟೆಲ್ಲಕ್ಕೂ ಆಧಾರ ಆ ಧ್ವನಿಯೊಂದೇ. ಸ್ಪೀಕರಿಗೂ ಕಂಪ್ಯೂಟರಿಗೂ ನಡುವೆ ಕೂತು ಮಾತು ದಾಟಿಸುವ ಸಣ್ಣ ತಂತ್ರಾಂಶವೊಂದಿದೆ, ಡ್ರೈವರ್ ಎನ್ನುತ್ತಾರೆ. ಅದು ಕೆಟ್ಟರೆ ಧ್ವನಿ ಕೆಟ್ಟಿತು. ಹಾಗಾಗಿ ಹೊಸ ಡ್ರೈವರ್‌ಗಳನ್ನು ನಾನೇ ಇಳಿಸಿ ಹಾಕಿಕೊಳ್ಳಲೇ ಎಂದು ಕಂಪ್ಯೂಟರು ಕೇಳಿದಾಗ ಅಕ್ಕ ಬೇಡವೆಂದು ಹೇಳಿಟ್ಟಿದ್ದಳು. ಹಳೆಯದರಲ್ಲಿ ದೋಷವಿರಲಿಲ್ಲವೆಂದಲ್ಲ. ವೈದ್ಯರ ದನಿ ಮತ್ತು ಕಂಪ್ಯೂಟರಿನ ದನಿ ಒಟ್ಟಿಗೆ ಬಂದಾಗ ಕರಕರ ಎನ್ನುತ್ತಿತ್ತು, ಸಂಜೆಯ ಹೊತ್ತಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಆದರೂ ಅದು ಅವಳಿಗೆ ಪರಿಚಯದ ಕರಕರ.

ರಜೆಯ ದಿನ ತಮ್ಮ ಊಟಕ್ಕೆ ಬಂದವನು, ಯಾವುದೋ ಕಾಗದ ಪ್ರಿಂಟ್ ಮಾಡುತ್ತೇನೆಂದು ಅವಳ ಮೇಜಿನ ಮುಂದೆ ಕೂತ. ಕಾಗದ ಪ್ರಿಂಟಾಯಿತು. ಅವನು ಕೈ ತೊಳೆದುಕೊಂಡು ಹೋದ.

ಮರುದಿನ ಬೆಳಿಗ್ಗೆ ಅಕ್ಕ ಗುಂಡಿ ಒತ್ತಿದರೆ ಕಂಪ್ಯೂಟರು ತುಟಿಪಿಟಕ್ಕೆನ್ನಲಿಲ್ಲ. ಪೆಟ್ಟಿಗೆಯ ಮೇಲೆ ಕೈಯಿಟ್ಟು ನೋಡಿದಳು. ಬೆಚ್ಚಗಿದೆ, ಒಳಗೆ ಫ್ಯಾನು ತಿರುಗುತ್ತಿದೆ. ಜೀವ ಇದೆ, ಬಾಯಿಲ್ಲ. ಸ್ಪೀಕರಿನ ವೈರು ಕಿತ್ತು ಸಿಕ್ಕಿಸಿದಳು, ಕಂಪ್ಯೂಟರನ್ನೇ ಆರಿಸಿ ಹಚ್ಚಿದಳು. ಊಹುಂ.

"ಅಮ್ಮಾ, ಬಾ ಇಲ್ಲಿ! ಪರದೆ ಮೇಲೆ ಏನಿದೆ ಓದು."

ಅಮ್ಮ ಬಂದಳು. ಆದರೆ ಕನ್ನಡಕ ಬರಲಿಲ್ಲ. ಅಡುಗೆಮನೆ, ಹಾಸಿಗೆ, ಕಿಟಕಿಗೂಡು ಎಲ್ಲ ಹುಡುಕಿಸಿ ಕೊನೆಗೆ ಅದನ್ನು ಸೋಫಾದ ಸಂದಿಯಿಂದ ತೆಗೆದುಕೊಟ್ಟವಳು ಅಕ್ಕನೇ.

"ಏನೋ ಬೆಟ್ಟದ ಚಿತ್ರ ಇದೆ ಕಣೇ. ಚೆನ್ನಾಗಿದೆ."

"ಅಮ್ಮಾ, ಬೆಟ್ಟ ಬೇಡ. ಕೆಳಗೆ ಮೂಲೆಲಿ ಸ್ಪೀಕರ್ ಗುರುತು ಇರತ್ತೆ, ಅದನ್ನ ನೋಡು."

"ಮೂಲೆಲಿ ಇರುವೆ ಸಾಲಿನ ಹಾಗಿದೆ. ಯಾವುದು ಅಂತ ಹೇಳ್ಲಿ?"

ಅಕ್ಕ ಹಲ್ಲು ಕಡಿದುಕೊಂಡು ತಮ್ಮನಿಗೆ ಫೋನ್ ಮಾಡಿದಳು. "ನಿನ್ನೆ ಏನು ಒತ್ತಿದೆ?"

"ನಾನೇನ್ ಒತ್ತಿದೆ? ಓ, ಅದಾ! ಡ್ರೈವರ್ ತಾನೇ ಹಾಕ್ಕೊಳ್ಳೋ ಸೆಟಿಂಗ್ ಆಫ್ ಆಗಿತ್ತಕ್ಕಾ. ಪಕ್ಕದಲ್ಲೇ ಶಿಫಾರಸು ಅಂತ ಬರ್ದಿತ್ತು. ಹೌದು ಅಂದೆ. ನೀನೇನೋ ಗೊತ್ತಾಗ್ದೆ ಬಿಟ್ಟಿದ್ದೀಯ ಅಂತ..."

ಗೊತ್ತಾಗದೆ! ಅಕ್ಕನಿಗೆ ಮೈಯೆಲ್ಲ ಉರಿಯಿತು. ಅವನು ಬರುವುದು ಆಫೀಸು ಮುಗಿದ ಮೇಲಂತೆ. ಅಲ್ಲಿಯವರೆಗೆ ಅವಳು ಮೂಕ ಪೆಟ್ಟಿಗೆಯ ಮುಂದೆ ಕೈಕಟ್ಟಿ ಕೂರಬೇಕು.

ಅಷ್ಟರಲ್ಲಿ ಟೈಪ್ ಮಾಡುವವರಿಗೆ ವರದಿ ಹಂಚುವ ಮೇಲಿನವಳೇ ಫೋನ್ ಮಾಡಿದಳು. ಅಕ್ಕ ಇದ್ದದ್ದು ಇದ್ದ ಹಾಗೆ ಹೇಳಿದಳು.

"ಪರವಾಗಿಲ್ಲಮ್ಮ, ಇವತ್ತಿನದನ್ನ ಬೇರೆಯವರಿಗೆ ಕೊಡ್ತೀನಿ," ಎಂದಳು ಆಕೆ. ಒಂದು ಕ್ಷಣ ತಡೆದು, "ಆದ್ರೆ ಇನ್ಮೇಲೆ ಕಣ್ಣಿರೋರು ಯಾರಾದ್ರೂ ಪಕ್ಕದಲ್ಲಿ ಇರೋ ಹಾಗೆ ನೋಡ್ಕೊ. ಇನ್ನೊಂದ್ಸಲ ಹೀಗಾದ್ರೆ ನಿನಗೆ ಕೆಲಸ ಕೊಡೋದು ನನಗೂ ಕಷ್ಟ ಆಗತ್ತೆ."

ಬೈದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು. ಆ ಪರವಾಗಿಲ್ಲ ಎಂಬ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಯಾರ ಹಂಗೂ ಇಲ್ಲದೆ ಮಾಡುತ್ತಿದ್ದ ಕೆಲಸ ಅವಳಿಗೆ ಇದೊಂದೇ ಇತ್ತು. ಅದಕ್ಕೂ ಈಗ ಪಕ್ಕದಲ್ಲೊಂದು ಜೋಡಿ ಕಣ್ಣು ಬೇಕಂತೆ! ಇದನ್ನು ಕೆಡಿಸಿದ್ದೂ ಪಕ್ಕದಲ್ಲಿ ಕೂತ ಒಂದು ಜೋಡಿ ಕಣ್ಣೇ ಎಂದು ಆಕೆಗೆ ಯಾರು ಹೇಳಬೇಕು?

ಸಂಜೆ ತಮ್ಮ ಬಂದು, ಹಳೆಯ ಡ್ರೈವರನ್ನೇ ವಾಪಸು ಹಾಕಿದ. ಸ್ಪೀಕರು ಕರಕರ ಎನ್ನುತ್ತಾ ಬಾಯಿ ಬಿಟ್ಟಿತು.

"ಆ ಸೆಟಿಂಗು?" ಎಂದಳು ಅಕ್ಕ.

"ಅದು ಹೌದು ಅಂತಾನೇ ಇರ್ಲಿ ಬಿಡಕ್ಕಾ. ನಾಳೆ ವೈರಸ್ಸು ಗಿರಸ್ಸು ಬಂದ್ರೆ?"

"ಅದಕ್ಕೆ ಬೇರೆ ಅಪ್‌ಡೇಟ್ ಬರತ್ತೆ. ಅದನ್ನ ನಾನು ತಪ್ಪದೆ ಹಾಕ್ಕೊಳ್ತೀನಿ. ಇದು ಡ್ರೈವರ್. ಇದನ್ನ ಯಾವಾಗ ಹಾಕ್ಬೇಕು ಅಂತ ನಾನು ನೋಡ್ಕೊಳ್ತೀನಿ."

"ನೀನು ಹೇಗೆ ನೋಡ್..." ಎಂದವನು ಅಲ್ಲಿಗೇ ನಿಲ್ಲಿಸಿದ.

"ಒಳ್ಳೇದಕ್ಕೆ ಅಂತ ತಾನೇ ಮಾಡಿದ್ದು ಅವನು," ಎಂದು ಅಮ್ಮ ಒಳಗಿನಿಂದ ಮಗನ ವಕಾಲತ್ತು ವಹಿಸಿದಳು. ತಮ್ಮ ಸೆಟಿಂಗು ಆಫ್ ಮಾಡಿದೆ ಎಂದ. ಅವನು ಹೋದ ಮೇಲೆ ಅಕ್ಕ ತಾನೇ ಹುಡುಕಿ ಕೇಳಿಸಿಕೊಂಡಳು. ಹೌದು ಎಂದೇ ಇತ್ತು.

ಅವಳು ಅದನ್ನು ಬೇಡ ಮಾಡಿದಳು. ಎದ್ದೇಳುವಾಗ ಮೊಣಕೈ ಪರದೆಗೆ ತಗುಲಿತು. ಮೇಜಿನ ಅರ್ಧ ಜಾಗ ತಿನ್ನುವ ಈ ಹಲಗೆಯನ್ನು ಅಮ್ಮ ದಿನಾ ಒರೆಸುತ್ತಾಳೆ. ಇದು ಯಾರಿಗೆ? ತನಗಂತೂ ಅಲ್ಲ. ಬಂದವರು ಮೂಗು ತೂರಿಸಲಿ ಎಂದೇ ಇಟ್ಟ ಬಾಗಿಲಿದು. ಅಕ್ಕ ವೈರು ಕಿತ್ತಳು. ಪರದೆಯನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದಳು. ಕಂಪ್ಯೂಟರಿಗೆ ಎಳ್ಳಷ್ಟೂ ಬೇಜಾರಾಗಲಿಲ್ಲ, ಎಂದಿನಂತೆ ಓದುತ್ತಾ ಹೋಯಿತು.

ಮರುದಿನವೇ ಅಂಗಡಿಯಿಂದ ಒಂದು ಯುಎಸ್‌ಬಿ ಹೆಡ್‌ಫೋನ್ ತರಿಸಿದಳು. ಅದರೊಳಗೇ ಧ್ವನಿ ಹೊರಡಿಸುವ ಸ್ವಂತ ಚಿಪ್ ಇರುತ್ತದೆ, ಡ್ರೈವರೂ ಬೇರೆ. ಸ್ಪೀಕರು ಬಾಯಿ ಮುಚ್ಚಿಕೊಂಡರೂ ಇದು ಮಾತಾಡುತ್ತದೆ. ಅದನ್ನು ಮೇಜಿನ ಮೊಳೆಗೆ ನೇತುಹಾಕಿ, ಮೇಲಿನವಳಿಗೆ ಫೋನ್ ಮಾಡಿ, ಪಕ್ಕದಲ್ಲಿ ಯಾರೂ ಇರುವುದಿಲ್ಲ, ಅಗತ್ಯವೂ ಇಲ್ಲ ಎಂದು ಬಿಡಿಸಿ ಹೇಳಿದಳು. ಆಕೆ ನೋಡೋಣ ಎಂದಳು. ಪರದೆಯಿದ್ದ ಜಾಗ ಖಾಲಿಯಾದದ್ದು ಕಂಡು ಸಂಕಟವಾಗಿ ಅಮ್ಮ ಅಲ್ಲಿ ಒಂದು ಹೂಕುಂಡ ಇಟ್ಟಳು.

ಕೆಲವು ವಾರ ಕಳೆದು ತಮ್ಮ ಮತ್ತೆ ಊಟಕ್ಕೆ ಬಂದ. ರೂಢಿಯಂತೆ ಮೇಜಿನ ಮುಂದೆ ಕೂತು ಮೌಸು ಹಿಡಿದವನು ಹೂಕುಂಡವನ್ನೇ ನೋಡುತ್ತಾ ಬೆಪ್ಪಾದ.

"ಅಕ್ಕಾ, ಸ್ಕ್ರೀನ್ ಎಲ್ಲಿ?"

"ಮಂಚದ ಕೆಳಗೆ. ಏಳು, ನನಗೊಂದು ಕೆಲಸ ಇದೆ."

ಅಕ್ಕ ಕೂತಳು. ಕಂಪ್ಯೂಟರು ಕಾಳು ಸುರಿಯತೊಡಗಿತು.

"ಏನಂತೆ? ಸ್ವಲ್ಪ ನಿಧಾನ ಮಾಡು, ಒಂದೂ ಅರ್ಥ ಆಗ್ತಿಲ್ಲ."

"ಹೊಸ ಡ್ರೈವರ್ ಬಂದಿದೆಯಂತೆ, ಹಾಕ್ಲಾ ಅಂತ ಕೇಳ್ತಿದೆ."

ತಮ್ಮ ಹೌಹಾರಿದ. "ಬೇಡ ಅನ್ನು! ಅಕ್ಕಾ, ಖಂಡಿತ ಬೇಡ. ಹೋದ್ಸಲ ಏನಾಯ್ತು ನೆನಪಿಲ್ವಾ?"

ಅಕ್ಕನಿಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಹೌದು ಎನ್ನುವಾಗಲೂ ಇವನೇ, ಬೇಡ ಎನ್ನುವಾಗಲೂ ಇವನೇ. ಇಂಥದೇ ಕಂಪ್ಯೂಟರು ಇಟ್ಟುಕೊಂಡ ಗೆಳತಿಯೊಬ್ಬಳನ್ನು ಅವಳು ಆಗಲೇ ವಿಚಾರಿಸಿದ್ದಳು. ಈ ಸಲದ ಡ್ರೈವರ್ ಸರಿಯಿದೆ, ಕರಕರ ಹೋಗುತ್ತದೆ ಎಂದಿದ್ದಳು ಆ ಗೆಳತಿ. ರಜೆಯಾದ್ದರಿಂದ ಇವತ್ತು ವರದಿಗಳೂ ಬರುವುದಿಲ್ಲ, ಕೆಟ್ಟರೂ ಸರಿಪಡಿಸಲು ಹೊತ್ತಿದೆ.

"ನಿನ್ನ ಕೇಳಿದ್ನಾ?" ಎಂದು ಹೌದು ಒತ್ತಿದಳು.

ಕಂಪ್ಯೂಟರಿನ ಮಾತು ನಡುವೆಯೇ ನಿಂತುಹೋಯಿತು. ಕೋಣೆಯೆಲ್ಲ ನಿಶ್ಶಬ್ದ. ತಮ್ಮನ ಉಸಿರು ಹತ್ತಿರ ಬಂತು. ಅವನ ಕೈ ಮೇಜಿನ ಮೇಲೆ ಸರಿದದ್ದು ಅವಳಿಗೆ ಕೇಳಿಸಿತು.

"ಕೈ ತೆಗಿ."

ಅಕ್ಕ ಮೊಳೆಯಿಂದ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅದನ್ನು ಸಿಕ್ಕಿಸುವ ಸಂದರ್ಭ ಬರಲಿಲ್ಲ. ಸ್ಪೀಕರು ತಾನಾಗಿಯೇ ಮಾತಾಡಿತು. ದನಿ ತೊಳೆದಿಟ್ಟ ಹಾಗೆ ಸ್ವಚ್ಛವಾಗಿತ್ತು. ವೈದ್ಯರ ಹಳೆಯ ವರದಿಯೊಂದನ್ನು ಜೊತೆಗೇ ಹಾಕಿ ಕೇಳಿದಳು. ಕರಕರ ಇಲ್ಲ. ಅವಳ ಕಣ್ಣಲ್ಲಿ ನೀರಾಡಿತು.

ಕಂಪ್ಯೂಟರು ಇನ್ನೇನೋ ಕೇಳಿತು.

"ಏನಂತಕ್ಕಾ?"

"ಇನ್ಮೇಲೆ ಎಲ್ಲಾ ಡ್ರೈವರೂ ನಾನೇ ಹಾಕ್ಕೊಳ್ಲಾ ಅಂತ."

"ನೀನೇನಂದೆ?"

"ಬೇಡ ಅಂದೆ. ಪಾಪ, ಇದಾದ್ರೂ ಕೇಳತ್ತೆ."

ತಮ್ಮ ಹೂಕುಂಡವನ್ನು ಸ್ವಲ್ಪ ಆಚೆ ಸರಿಸಿದ ಸದ್ದಾಯಿತು, ಮತ್ತೆ ಇದ್ದಲ್ಲಿಗೇ ತಂದಿಟ್ಟ ಸದ್ದೂ ಆಯಿತು.

"ಅಕ್ಕಾ," ಎಂದ ಕೊನೆಗೆ, "ಆ ಸ್ಕ್ರೀನ್ ನಾನು ತಗೊಂಡ್ಹೋಗ್ಲಾ?"

ಹುಟ್ಟಿದಾಗಿನಿಂದ ಅವನು ಅವಳನ್ನು ಹೀಗೆ ಕೇಳಿ, ಉತ್ತರಕ್ಕೆ ಕಾದದ್ದು ಇದೇ ಮೊದಲು. ಅಕ್ಕ ಬೇಕೆಂದೇ ತುಸು ತಡಮಾಡಿದಳು.

"ಹೌದು," ಎಂದಳು.