ಸ್ನೂಕರ್ ಚೆಂಡಿನ ಹಿಡಿ

"ಇದು ಸ್ನೂಕರ್ ಚೆಂಡು," ಎಂದ ಆರ್ನಲ್ಡ್ ಸಗ್ಡನ್, ಮಿಲ್ಲಿಂಗ್ ಯಂತ್ರದ ಚಕ್ರದಿಂದ ಅದನ್ನು ಬಿಚ್ಚಿ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದವನ ದನಿಯಲ್ಲಿ.

ಮ್ಯೂರಿಯಲ್ ಕ್ರ್ಯಾಬ್‌ಟ್ರೀ ಗ್ಯಾರೇಜಿನ ಬಾಗಿಲಲ್ಲಿ ಟೀ ಹಿಡಿದು ನಿಂತಿದ್ದಳು. "ಹೌದು. ಪಬ್ಬಿನವರು ಹೊಸ ಚೆಂಡು ತರಿಸಿದಾಗ ಲಯೊನೆಲ್ ಹಳೇದೊಂದನ್ನ ಕೇಳಿ ತಂದಿದ್ದ."

"ಮತ್ತೆ ಈ ಬಿಳೀದು?"

"ಅಯ್ಯೋ! ಅದು ನನ್ನ ಅಡಿಗೆಮನೆ ಬೀರುವಿನ ಪಿಂಗಾಣಿ ಹಿಡಿ. ಎಲ್ಲಿ ಹೋಯ್ತು ಅಂತ ಮನೆಯೆಲ್ಲ ಜಾಲಾಡಿದ್ದೆ. ಕೇಳಿದ್ರೆ ಮಹಾಶಯ, 'ನಂಗೊತ್ತಿಲ್ಲಪ್ಪ' ಅಂದಿದ್ದ."

ಮೂರನೆಯದು ಹಳೆಯ ಅರವೊಂದರ ಮರದ ಹಿಡಿ. ಎಣ್ಣೆ ಕುಡಿದು ಕಪ್ಪಾಗಿತ್ತು. ಅದರ ಬಗ್ಗೆ ಸಗ್ಡನ್ ಏನೂ ಹೇಳಲಿಲ್ಲ. ಹೇಳುವಷ್ಟು ಮರ್ಯಾದೆಯನ್ನೂ ಅದಕ್ಕೆ ಕೊಡಬಾರದೆಂದು ಅವನ ಲೆಕ್ಕ. ಮಿಲ್ಲಿಂಗ್ ಯಂತ್ರವೆಂದರೆ ಲೋಹದ ತುಂಡನ್ನು ಮೇಜಿಗೆ ಬಿಗಿದು ಹೆರೆಯುವ ಯಂತ್ರ. ಆ ಮೇಜನ್ನು ಎಡಬಲಕ್ಕೆ, ಹಿಂದುಮುಂದಕ್ಕೆ, ಮೇಲೆಕೆಳಗೆ ಸರಿಸಲು ಮೂರು ಚಕ್ರ, ಚಕ್ರಕ್ಕೊಂದು ಹಿಡಿ. ಯಂತ್ರ ಹುಟ್ಟಿದಾಗ ಮೂರೂ ಒಂದೇ ತಾಯಿಯ ಮಕ್ಕಳಂತೆ ಇದ್ದಿರಬೇಕು. ಕೂದಲೆಳೆಯ ಹತ್ತರಲ್ಲೊಂದು ಪಾಲು ಅಳೆಯುವ ಈ ಯಂತ್ರಕ್ಕೆ ಒಬ್ಬ ಹಲ್ಲಿನ ಡಾಕ್ಟರು ಬೀದಿಯ ಕಸವನ್ನೆಲ್ಲ ತಂದು ಅಂಟಿಸಿದ್ದ.

ಹಡರ್ಸ್‌ಫೀಲ್ಡ್ ಪಟ್ಟಣದಾಚೆಯ ಆ ಕಣಿವೆಯಲ್ಲಿ ನಿವೃತ್ತರಾದ ಗಂಡಸರು ಹಿತ್ತಲ ಶೆಡ್ಡಿನಲ್ಲಿ ಕೂತು ಮೊಣಕಾಲೆತ್ತರದ ಉಗಿಬಂಡಿ ಕಟ್ಟುತ್ತಿದ್ದರು. ಭಾನುವಾರಗಳಂದು ತಮ್ಮದೇ ಸಂಘದ ಪುಟ್ಟ ಹಳಿಯ ಮೇಲೆ ಅದನ್ನು ಓಡಿಸಿ, ಹಿಂದಿನ ಬಂಡಿಯಲ್ಲಿ ತಾವೇ ಕಾಲು ಮಡಚಿ ಕೂತು, ಮುಖಕ್ಕೆ ಮಸಿ ಬಳಿದುಕೊಂಡು ಧನ್ಯರಾಗುತ್ತಿದ್ದರು. ಇವರಲ್ಲಿ ಸಗ್ಡನ್‌ಗೆ ಹೇಸಿಗೆ ಹುಟ್ಟಿಸದವರು ಕಡಿಮೆ. ಬಿಡಿಭಾಗಗಳನ್ನು ಕೊಂಡು ಜೋಡಿಸುವವರು ಜೋಡಿಸುವ ಕೂಲಿಗಳು. ಹಿತ್ತಾಳೆ ತಿಕ್ಕಿ ಥಳಥಳಿಸುವವರು ಚರ್ಚಿನ ಗಂಟೆ ತೊಳೆಯಲು ಲಾಯಕ್ಕು. ಬಣ್ಣ ಚೆನ್ನಾಗಿ ಹಚ್ಚುವವರು ಕೆಟ್ಟ ಕೆಲಸ ಮುಚ್ಚಿಡುವವರು. ಅವನು ಯಂತ್ರೋಪಕರಣದ ಕಾರ್ಖಾನೆಯಲ್ಲಿ ತಪಾಸಣೆಯವನಾಗಿದ್ದವನು. ಇನ್ನೊಬ್ಬರು ಮಾಡಿದ್ದನ್ನು ಅಳೆದು, ಸರಿಯಿಲ್ಲದಿದ್ದರೆ ಅದರ ಮೇಲೆ ಒಂದು ಬೊಟ್ಟು ಕೆಂಪು ಬಣ್ಣ ಇಡುವುದು ಅವನ ಕಸುಬು. ಕಾರ್ಖಾನೆ ಮುಚ್ಚಿತು, ಬಣ್ಣದ ಡಬ್ಬಿ ಮಾತ್ರ ಅವನ ಜೊತೆ ಮನೆಗೆ ಬಂತು.

ಮ್ಯೂರಿಯಲ್ ಯಂತ್ರವನ್ನು ಅವನಿಗೇ ಕೊಟ್ಟಿದ್ದಳು. ಗಂಡ ಲಯೊನೆಲ್ ಸಾಯುವಾಗ ಅರ್ಧಕ್ಕೆ ಬಿಟ್ಟುಹೋದ ಹಸಿರು ಎಂಜಿನ್ನನ್ನೂ ಕೊಟ್ಟಿದ್ದಳು. "ಅದು ಓಡೋದನ್ನ ಒಂದ್ಸಲ ನೋಡ್ಬೇಕು, ಆರ್ನಲ್ಡ್. ಆಮೇಲೆ ಅದು ನಿಮ್ದೇ."

ಬೇಸಿಗೆಯ ಕೊನೆಯ ಪ್ರದರ್ಶನದ ದಿನಕ್ಕೆ ಅದು ಓಡುತ್ತದೆಂದು ಸಗ್ಡನ್ ಸಂಘದಲ್ಲಿ ಎದ್ದು ನಿಂತು ಸಾರಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಅವನು ಸಗ್ಡನ್ ಅಲ್ಲ. "ಹಲ್ಲಿನ ಡಾಕ್ಟ್ರು ಶುರು ಮಾಡಿದ್ದನ್ನ ಎಂಜಿನಿಯರು ಮುಗಿಸ್ತಾನೆ," ಎಂದೂ ಸೇರಿಸಿದ್ದ.

ಉಳಿದಿದ್ದ ದೊಡ್ಡ ಕೆಲಸ ಎರಡು ಸಿಲಿಂಡರುಗಳದು. ಮ್ಯೂರಿಯಲ್ ತೆಗೆದುಕೊಟ್ಟ ಮರದ ಪೆಟ್ಟಿಗೆಯಲ್ಲಿ ಮೂರು ಕಂಚಿನ ಎರಕಗಳಿದ್ದವು.

"ಎರಡೇ ಅಲ್ವಾ ಬೇಕಾಗಿದ್ದು?"

"ಇನ್ನೊಂದು ತಪ್ಪಿಗೆ ಅಂತ ತರಿಸಿದ್ದ. ಎರಕ ಹೊಯ್ಯೋ ಆ ಮುದುಕನೂ ತೀರ್ಕೊಂಡನಲ್ಲ, ಇನ್ನು ಸಿಗಲ್ಲ. ಮೂರನ್ನೂ ತಗೊಂಡು ಹೋಗಿ."

ಮಾಡುವ ಮೊದಲೇ ತಪ್ಪಿಗೆ ಪಾಲು ತೆಗೆದಿಟ್ಟವನು! ಸಗ್ಡನ್ ಮೂರನೆಯ ಎರಕವನ್ನು ಅವಳ ಕೈಗೇ ವಾಪಸ್ಸಿಟ್ಟ. "ಇದರ ಅಗತ್ಯ ನಂಗಿಲ್ಲ." ಬಿಚ್ಚಿದ ಮೂರು ಹಿಡಿಗಳನ್ನು ಖಾಲಿ ಬಿಸ್ಕತ್ತಿನ ಡಬ್ಬಿಗೆ ಹಾಕಿ ಅದನ್ನೂ ಕೊಟ್ಟ. "ನೆನಪಿಗೆ ಇಟ್ಕೊಳ್ಳಿ."

ಯಂತ್ರವೂ ಎಂಜಿನ್ನೂ ತನ್ನ ಶೆಡ್ಡಿಗೆ ಬಂದ ಮೇಲೂ ಸಗ್ಡನ್ ಎಂಜಿನ್ನನ್ನು ಮುಟ್ಟಲಿಲ್ಲ. ಮೊದಲು ಹಿಡಿ. ಕ್ಯಾಟಲಾಗಿನಲ್ಲಿ ಕರಿ ಪ್ಲಾಸ್ಟಿಕ್ಕಿನವು ಸಿಗುತ್ತಿದ್ದವು. ಆ ಪುಟವನ್ನು ಅವನು ಎರಡು ಬೆರಳಲ್ಲಿ ಹಿಡಿದು ಮಗುಚಿದ. ಹಿತ್ತಾಳೆ ಕೈಗೆ ವಾಸನೆ ಹತ್ತಿಸುತ್ತದೆ. ಮರ ಕುರ್ಚಿಗೆ. ಕೊನೆಗೆ ಉಕ್ಕೇ ಎಂದು ನಿಶ್ಚಯಿಸಿ, ಕಾರ್ಖಾನೆಯ ದೊಡ್ಡ ಯಂತ್ರಗಳ ಹಿಡಿಗಿದ್ದ ಬಾಗನ್ನು ನೆನಪಿನಿಂದ ತಗಡಿನ ಮೇಲೆ ಕತ್ತರಿಸಿ ಅಚ್ಚು ಮಾಡಿಕೊಂಡ. ಬುಡದಲ್ಲಿ ಸಣ್ಣ ಕೊರಳು, ನಡುವೆ ತುಂಬಿದ ಹೊಟ್ಟೆ, ತುದಿಯಲ್ಲಿ ಮತ್ತೆ ಸಣ್ಣಗೆ. ಲೋಹವನ್ನು ಗರಗರ ತಿರುಗಿಸಿ ಹೆರೆಯುವ ಲೇತಿಗೆ ಉಕ್ಕಿನ ಸರಳು ಕಟ್ಟಿ, ಎರಡೂ ಕೈಯಿಂದ ಎರಡು ಚಕ್ರ ತಿರುಗಿಸುತ್ತಾ ಆ ಬಾಗನ್ನು ಹೊರಡಿಸಿದ. ಅಚ್ಚು ಇಟ್ಟು ಬೆಳಕಿಗೆ ಹಿಡಿದರೆ ಬೆಳಕು ನುಸುಳಬಾರದು. ನುಸುಳಿದ್ದಕ್ಕೆ ಕೆಂಪು ಬೊಟ್ಟು. ಹೀಗೆ ಬೊಟ್ಟಿಟ್ಟುಕೊಂಡು ಮೂಲೆಗೆ ಬಿದ್ದವೇ ಒಂದು ಬಕೆಟ್ಟಾದವು. ಗೆದ್ದ ಮೂರನ್ನು ಎಮರಿ ಕಾಗದದಲ್ಲಿ ತಿಕ್ಕಿ, ಎಣ್ಣೆಯಲ್ಲಿ ತಿಕ್ಕಿ, ಕೊನೆಗೆ ಹಳೆಯ ಫ್ಲಾನೆಲ್ ಅಂಗಿಯಲ್ಲಿ ತಿಕ್ಕಿದ.

"ಆ ಅಂಗಿ ನಾನು ಹುಡುಕ್ತಾ ಇದ್ದೆ," ಎಂದಳು ಅವನ ಹೆಂಡತಿ ಬ್ರೆಂಡಾ, ಶೆಡ್ಡಿನ ಹೊಸ್ತಿಲಲ್ಲಿ. "ಇನ್ನೂ ಹಿಡೀನೇ ತಿಕ್ತಾ ಇದೀಯಾ? ಮ್ಯೂರಿಯಲ್ ಕೇಳಿದ್ಲು, ಎಂಜಿನ್ ಎಲ್ಲಿಗೆ ಬಂತು ಅಂತ."

"ನೋಡು, ಇದರಲ್ಲಿ ನಿನ್ ಮುಖ ಕಾಣ್ಸುತ್ತೆ."

ಬ್ರೆಂಡಾ ಬಗ್ಗಿ ನೋಡಿದಳು. "ನನ್ ಮುಖ ಇಷ್ಟು ಉದ್ದ ಇಲ್ಲ. ನಿಂದು ನೋಡ್ಕೋ, ಸರಿಯಾಗಿ ಬರುತ್ತೆ."

ಸಂಘದ ಸಭೆಗೆ ಸಗ್ಡನ್ ಅವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದ. ಹಂದಿಮಾಂಸದ ಪೈ ಹಿಡಿದಿದ್ದ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡೇ ಎಲ್ಲರೂ ಮುಟ್ಟಿದರು. ಕಾರ್ಯದರ್ಶಿ ಓಲ್ಡ್‌ರಾಯ್ಡ್ ಮೂರನ್ನೂ ಸಾಲಾಗಿಟ್ಟು, ಅತ್ತಿಂದಿತ್ತ ಸ್ಥಾನ ಬದಲಿಸಿ, ಯಾವುದು ಯಾವುದೆಂದು ತಿಳಿಯದೆ ತಲೆ ಕೆರೆದುಕೊಂಡ.

"ಇದು ಆಭರಣ ಕಣೋ ಆರ್ನಲ್ಡ್. ಅಲ್ಲಾ, ಮೂರೂ ಒಂದೇ ಥರ ಮಾಡಿದೀಯಲ್ಲ?"

"ಬೇರೆ ಬೇರೆ ಮಾಡೋಕೆ ನಾನೇನು ಹಲ್ಲು ಕೀಳೋನಾ?"

ಎಲ್ಲರೂ ನಕ್ಕರು. ಸಗ್ಡನ್ ನಗಲಿಲ್ಲ, ತನ್ನ ಮಾತಿಗೆ ತಾನು ನಗುವುದು ಅಗ್ಗದ ಕೆಲಸ.

ಬಲಗಡೆಯ ಸಿಲಿಂಡರು ಸಲೀಸಾಗಿ ಮುಗಿಯಿತು. ಅದನ್ನು ಮಾಡುವಾಗ ಪ್ರತಿ ಸಲವೂ ಹಿಡಿಗಳನ್ನು ನೋಡಿಯೇ ತಿರುಗಿಸಿದ್ದ, ನೋಡಲೆಂದೇ ಮಾಡಿದವಲ್ಲವೇ. ಎಡಗಡೆಯದರ ಹೊತ್ತಿಗೆ ನೋಡುವ ಚಪಲ ತೀರಿತ್ತು. ಉಗಿ ಒಳಹೋಗುವ ಕಿಂಡಿಗೂ ಹೊರಬರುವ ಕಿಂಡಿಗೂ ನಡುವೆ ಹೆಂಗಸರ ಕಿರುಬೆರಳಿನಷ್ಟೂ ದಪ್ಪವಿಲ್ಲದ ಗೋಡೆ. ಪೆನ್ಸಿಲ್ ಮೊನೆಯಷ್ಟು ಸಣ್ಣ ಕಟರ್ ಕಿಂಡಿಯೊಳಗೆ ತಿರುಗುತ್ತಿತ್ತು. ಅದರ ಮೇಲಿಂದ ಕಣ್ಣು ತೆಗೆಯುವಂತಿಲ್ಲ. ಕಂಚಿನ ಪುಡಿ ಹೊಂಬಣ್ಣದ ರವೆಯಂತೆ ಮೇಲೇಳುತ್ತಿತ್ತು. ಕಿಂಡಿಯ ತುದಿ ಮುಟ್ಟಿತು. ಇನ್ನು ಮೇಜನ್ನು ಕೆಳಗಿಳಿಸಿ ಕಟರನ್ನು ಬಿಡಿಸಬೇಕು. ಅವನ ಕೈ ಕೆಳಗೆ ಹೋಗಿ ಹಿಡಿಯನ್ನು ಹುಡುಕಿತು. ತಣ್ಣನೆಯ, ನುಣ್ಣನೆಯ, ಅಚ್ಚಿಗೆ ಕೂದಲೆಳೆಯೂ ತಪ್ಪದ ಹಿಡಿ ಸಿಕ್ಕಿತು. ತಿರುಗಿಸಿದ.

ಮೇಜು ಇಳಿಯಲಿಲ್ಲ, ಹಿಂದಕ್ಕೆ ಸರಿಯಿತು. ಕಟರ್ ಗೋಡೆಯನ್ನು ಬೆಣ್ಣೆಯಂತೆ ಕೊಯ್ದುಕೊಂಡು ಆಚೆಯ ಕಿಂಡಿಗೆ ಹೊಕ್ಕಿತು.

ಸಗ್ಡನ್ ಯಂತ್ರ ನಿಲ್ಲಿಸಿದ. ಮೊದಲಿಗೆ ಅವನು ಬೈದದ್ದು ಕಟರನ್ನು, ಆಮೇಲೆ ಅದನ್ನು ಮಾಡಿದ ದೇಶವನ್ನು. ಎರಕವನ್ನು ಬಿಚ್ಚಿ ಕಿಟಕಿಗೆ ಹಿಡಿದ. ಒಂದು ಕಿಂಡಿಯಿಂದ ಇನ್ನೊಂದಕ್ಕೆ ಬೆಳಕು ಧಾರಾಳವಾಗಿ ನುಸುಳಿತು. ಮಾರ್ಕೆಟ್ಟಿನಲ್ಲಿ ಬೆಸುಗೆಯೇನೋ ಸಿಗುತ್ತದೆ, ಆದರೆ ಬೆಸುಗೆ ಹಾಕಿದ ಸಿಲಿಂಡರನ್ನು ಓಲ್ಡ್‌ರಾಯ್ಡನ ಮುಂದೆ ಓಡಿಸುವುದಕ್ಕಿಂತ ಅದರ ಗಾಲಿಗೆ ತಲೆ ಕೊಡುವುದು ಮೇಲು. ಅವನ ಕೈ ತಾನಾಗಿಯೇ ಬಣ್ಣದ ಡಬ್ಬಿಗೆ ಹೋಯಿತು. ಎರಕದ ಮೇಲೆ ಒಂದು ಕೆಂಪು ಬೊಟ್ಟು ಇಟ್ಟ. ಆ ಮೇಲೆ ಕೋಟು ಹಾಕಿಕೊಂಡ.

ಮ್ಯೂರಿಯಲ್‌ಳ ಅಡಿಗೆಮನೆಯ ಬಾಗಿಲು ಗಾಳಿಗೆ ಬಡಿಯದಂತೆ ನೆಲದಲ್ಲಿ ಏನೋ ಇಟ್ಟಿತ್ತು. ಮೂರನೆಯ ಎರಕ.

"ಟೀ ಮಾಡ್ತೀನಿ, ಕೂತ್ಕೊಳ್ಳಿ," ಎಂದು ಅವಳು ಬೀರು ತೆರೆದಳು. ಬಾಗಿಲಲ್ಲಿ ಪಿಂಗಾಣಿ ಹಿಡಿ ತನ್ನ ಹಳೆಯ ಜಾಗದಲ್ಲಿ ಕೂತಿತ್ತು. ಮೇಜಿನ ಮೇಲೆ ಹಣ್ಣಿನ ಬುಟ್ಟಿಯಲ್ಲಿ ಸೇಬುಗಳ ನಡುವೆ ಕೆಂಪು ಚೆಂಡು. ಕಿಟಕಿಯ ಬಳಿ ಕೈತೋಟದ ಸಲಿಕೆಗೆ ಅರದ ಹಿಡಿ.

"ಈ ಎರಕ..." ಎಂದ ಸಗ್ಡನ್. "ಕಂಚು ಒಂದೇ ಸಮ ಇಲ್ಲ. ನಾನು ತಗೊಂಡು ಹೋದದ್ದರಲ್ಲಿ ಒಂದರೊಳಗೆ ಗುಳ್ಳೆ ಇತ್ತು."

"ಹೌದಾ?" ಎಂದಳು ಮ್ಯೂರಿಯಲ್, ಕೆಟಲಿಗೆ ನೀರು ಹಿಡಿಯುತ್ತಾ. "ಲಯೊನೆಲ್ ಒಂದಷ್ಟು ದಿನ ಅದನ್ನೇ ಹೇಳ್ತಿದ್ದ. ಗುಳ್ಳೆ, ಗುಳ್ಳೆ ಅಂತ. ಆಮೇಲೆ ಒಂದಿನ ಸ್ನೂಕರ್ ಚೆಂಡು ತಂದ."

ಸಗ್ಡನ್ ಬಗ್ಗಿ ಬಾಗಿಲಡಿಯ ಎರಕದ ಧೂಳು ಒರೆಸತೊಡಗಿದ.

"ನಾನು ಅವನ ಹತ್ರ ನರ್ಸಾಗಿದ್ದೆ, ಗೊತ್ತಲ್ಲ? ರೋಗಿಯ ಬಾಯಿ ಮೇಲಿಂದ ಅವನು ಕಣ್ಣು ತೆಗೀತಿರಲಿಲ್ಲ. ಕೈ ಹಿಂದಕ್ಕೆ ಚಾಚೋನು. ಒಂದೊಂದು ಸಲಕರಣೆಗೂ ಒಂದೊಂದು ಥರ ದಾರ ಸುತ್ತಿಸಿದ್ದ, ಒಂದಕ್ಕೆ ರಬ್ಬರ್ ಕೊಳವೆ. ಹೊಸದಾಗಿ ಬಂದಾಗ ನಾನು ಎಲ್ಲಾ ಬಿಚ್ಚಿ, ಕುದಿಸಿ, ಥಳಥಳ ಅನ್ನೋ ಹಾಗೆ ಜೋಡಿಸಿಟ್ಟೆ. ಅವತ್ತು ಒಬ್ಬ ಹಾಲಿನವನಿಗೆ ಬೇರೇನೋ ಚುಚ್ಚಿ..." ಅವಳಿಗೆ ನಗು ಬಂತು. "ಎಂಥ ಬೈಗುಳ! ಹಾಲಿನವನದಲ್ಲ, ಲಯೊನೆಲ್‌ದು."

"ಅದು ಹಲ್ಲು," ಎಂದ ಸಗ್ಡನ್. "ಇದು ಎಂಜಿನಿಯರಿಂಗು."

"ಅದೂ ನಿಜವೇ. ಸಕ್ಕರೆ ಎಷ್ಟು?"

ಟೀ ಮುಗಿಯುವವರೆಗೂ ಅವನು ಸೇಬಿನ ಬುಟ್ಟಿಯನ್ನು ನೋಡದಿರುವುದರಲ್ಲೇ ತೊಡಗಿದ್ದ. ಏಳುವಾಗ ಗಂಟಲು ಸರಿಮಾಡಿಕೊಂಡ. "ಸಂಘದಲ್ಲಿ ಒಂದು ಕಪಾಟು ಮಾಡ್ತಾ ಇದಾರೆ. ಹಳೇ ಸಾಮಾನು ಇಡೋಕೆ. ಆ ಹಿಡಿಗಳನ್ನ ಕೇಳ್ತಿದ್ರು."

ಸಂಘದಲ್ಲಿ ಅಂಥ ಕಪಾಟಿರಲಿಲ್ಲ. ಮ್ಯೂರಿಯಲ್ ಅವನನ್ನೇ ನೋಡಿದಳು. ನರ್ಸುಗಳು ನೋವೆಲ್ಲಿದೆ ಎಂದು ಕೇಳದೆಯೇ ನೋಡುವ ನೋಟ. ಬಳಿಕ ಬೆಣ್ಣೆ ಚಾಕು ತೆಗೆದುಕೊಂಡು ಬೀರುವಿನ ಹಿಡಿಯನ್ನು ಬಿಚ್ಚತೊಡಗಿದಳು.

"ಮೂರೂ ಬೇಕೇನೋ?"

"ಕೊಡೋದಾದ್ರೆ ಮೂರೂ ಕೊಡಿ."

"ನನ್ ಬೀರು ಮತ್ತೆ ಬೋಳಾಗುತ್ತಲ್ಲ, ಆರ್ನಲ್ಡ್. ನಿಮ್ಮ ಹತ್ರ ಯಾವುದಾದ್ರೂ ಹಳೇದು ಇದ್ರೆ ತಂದು ಹಾಕಿ. ಬಾಗಿಲಿಗೆ ಇಟ್ಟಿರೋ ಎರಕಾನೂ ತಗೊಂಡು ಹೋಗಿ."

ಮರುದಿನ ಬೆಳಿಗ್ಗೆ ಅವನು ಬಂದು ಹಾಕಿಹೋದದ್ದು ಹಳೆಯದಾಗಿರಲಿಲ್ಲ, ಆ ಮೂರು ಉಕ್ಕಿನ ಹಿಡಿಗಳಲ್ಲೊಂದು. ಜಾಮ್ ಅಂಟಿದ ಬೆರಳಿಂದ ಅವಳು ಅದನ್ನು ಹಿಡಿದು ಎಳೆದದ್ದನ್ನು ಅವನು ಕಣ್ಣಾರೆ ಕಂಡ.

ಪ್ರದರ್ಶನದ ದಿನ ಹಸಿರು ಎಂಜಿನ್ ಓಡಿತು. ಹಿಂದಿನ ಬಂಡಿಯಲ್ಲಿ ಮ್ಯೂರಿಯಲ್ ಟೋಪಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಕೂತಿದ್ದಳು. ಮೊದಲ ಸುತ್ತಿನಲ್ಲಿ ಅತ್ತಳು, ಎರಡನೆಯದರಲ್ಲಿ ಜೋರಾಗಿ ಓಡಿಸಲು ಹೇಳಿದಳು. ಎಡ ಸಿಲಿಂಡರು ಒಂದು ತೊಟ್ಟು ಉಗಿಯನ್ನೂ ಸೋರಲಿಲ್ಲ. ಚಪ್ಪಾಳೆಯನ್ನು ಸಗ್ಡನ್ ಬರಬೇಕಾದ ಬಾಕಿಯೆಂಬಂತೆ ಸ್ವೀಕರಿಸಿದ.

ಸಂಜೆ ಟೀಗೆಂದು ಕೆಲವರು ಅವನ ಮನೆಗೆ ಬಂದರು. ತಡೆಯುವ ಮೊದಲೇ ಓಲ್ಡ್‌ರಾಯ್ಡ್ ಶೆಡ್ಡಿನೊಳಗಿದ್ದ. ಮಿಲ್ಲಿಂಗ್ ಯಂತ್ರದ ಮೇಲೆ ಬ್ರೆಂಡಾಳ ಹೂವಿನ ಹಾಸಿಗೆ ಹೊದಿಕೆಯೊಂದು ನೆಲದವರೆಗೂ ಇಳಿಬಿದ್ದಿತ್ತು.

"ಇದೇನಯ್ಯ, ಮದುವೆ ಹೆಣ್ಣಿನ ಥರ! ತೆಗಿ, ಆ ಹಿಡಿಗಳನ್ನ ಇನ್ನೊಂದ್ಸಲ ನೋಡೋಣ."

"ಧೂಳು," ಎಂದ ಸಗ್ಡನ್. "ಧೂಳು ಬೀಳುತ್ತೆ. ಬೇರೆಯವರ ಶೆಡ್ಡಿನ ಹಾಗಲ್ಲ ಇದು."

"ಒಂದು ನಿಮಿಷಕ್ಕೆ ಎಷ್ಟು ಧೂಳು ಬೀಳುತ್ತೆ ಮಾರಾಯ?" ಓಲ್ಡ್‌ರಾಯ್ಡ್ ಹೊದಿಕೆಯ ಅಂಚಿಗೆ ಕೈ ಚಾಚಿದ.

ಅವರ ಹಿಂದೆಯೇ ಒಳಬಂದ ಮ್ಯೂರಿಯಲ್ ಯಂತ್ರಕ್ಕೂ ಅವನಿಗೂ ನಡುವೆ ಬಂದು ನಿಂತಳು. ಒಂದು ಕೈಯಲ್ಲಿ ಅವಳ ಟೀ ಇತ್ತು. ಇನ್ನೊಂದನ್ನು, ತಿರುಗಿ ನೋಡದೆ, ಹಿಂದಕ್ಕೆ ಚಾಚಿದಳು. ಹೂವಿನ ಹೊದಿಕೆಯಡಿ ಚೆಂಡಿನಂತೆ ಗುಂಡಗೆ ಉಬ್ಬಿದ್ದುದರ ಮೇಲೆ ಅವಳ ಅಂಗೈ ನೇರವಾಗಿ ಹೋಗಿ ಕೂತಿತು.

"ಓಲ್ಡ್‌ರಾಯ್ಡ್ ಅವ್ರೇ," ಎಂದಳು, "ಬ್ರೆಂಡಾ ಕೇಕು ಕುಯ್ತಾ ಇದಾಳೆ."

ಅವನು ಹೋದ. ಅವಳು ಅಲ್ಲೇ ನಿಂತು ಟೀ ಕುಡಿದಳು. ಸಗ್ಡನ್ ಕಿಟಕಿಯ ಗಾಜಿನಲ್ಲಿದ್ದ ಒಂದು ಕಲೆಯನ್ನು ಬಹಳ ಹೊತ್ತು ತಿಕ್ಕಿದ.