ಹಳೇ ಗಾಡಿಯ ಬಾಯಾರಿಕೆ

ಮತ್ತೆ ಆ ಕಾಲು ಎದ್ದಿತು — ಕಪ್ಪು ರಬ್ಬರ್ ಚಪ್ಪಲಿಯ ಎಡಗಾಲು, ನೆಲ ಬಿಟ್ಟು ಒಂದು ಗೇಣು ಮೇಲೆ, ಅಲ್ಲಿ ಒಂದು ಚಣ ನಿಂತು, ಮೆಲ್ಲಗೆ ಪಕ್ಕಕ್ಕೆ ಸರಿದು, ಬಾಗಿಲ ಬುಡದಲ್ಲಿ ಇಳಿಯಿತು. ಸ್ಟೀರಿಂಗ್ ಹಿಡಿದವಳು ಅದನ್ನು ಕಡೆಗಣ್ಣಲ್ಲೇ ಕಂಡಳು, ಕಂಡೂ ಕಾಣದವಳ ಹಾಗೆ ರಸ್ತೆಯಲ್ಲೇ ಕಣ್ಣು ನೆಟ್ಟಳು, ಈಗ ಬೇಡ ರೀ, ಈಗ ನಿಲ್ಲಿಸೋಕಾಗಲ್ಲ, ಏರು ಶುರುವಾಗಿದೆ, ಇಲ್ಲಿ ನಿಂತರೆ ಮತ್ತೆ ಎಬ್ಬಿಸೋಕೆ ಇನ್ನಷ್ಟು ಡೀಸೆಲ್, ಮುಳ್ಳು ಎಲ್ಲಿದೆ ನೋಡಿ — ಪಕ್ಕದ ಸೀಟಿನಲ್ಲಿ ಕೂತ ಗಂಡ ಮುಳ್ಳು ನೋಡಲಿಲ್ಲ, ಅವನು ನೋಡುತ್ತಿದ್ದದ್ದು ಎಲ್ಲೋ ಕೆಳಗೆ, ಅವಳ ಮೊಣಕಾಲಿನಾಚೆ, ಬಿಸಿಲು ಮುಟ್ಟದ ಜಾಗದಲ್ಲಿ, ಬಾಯಿ ಓರೆಯಾಗಿ ತೆರೆದು ಆ... ಆ... ಅಂದ, ಲಕ್ವ ಹೊಡೆದ ಮೇಲೆ ಅವನ ಪಾಲಿಗೆ ಉಳಿದ ಅಕ್ಷರ ಅದೊಂದೇ, ಬಲಗೈ ಮಡಿಲಲ್ಲಿ ಯಾರದೋ ಕೈಯ ಹಾಗೆ ಬಿದ್ದಿದೆ, ಎಡಗೈ ಕಿಟಕಿಯ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದಿದೆ, ಬಿಟ್ಟರೆ ಮೂಟೆಯ ಹಾಗೆ ಅವಳ ಮೇಲೇ ಉರುಳುತ್ತಾನೆ, ಇನ್ನು ಅವನ ಮಾತು ಕೇಳುವುದು ಆ ಒಂದು ಕಾಲು ಮಾತ್ರ. ಮುಳ್ಳು ಕೆಂಪು ಗೆರೆ ಮುಟ್ಟಿದೆ. ಕ್ಯಾನಿನಲ್ಲಿದ್ದದ್ದನ್ನೂ ಕೆಳಗಿನ ತಿರುವಿನಲ್ಲೇ ಸುರಿದಾಯಿತು. ಗುಡ್ಡದ ನೆತ್ತಿ ಇನ್ನೂ ಮೇಲಿದೆ, ನೆತ್ತಿಯಾಚೆ ಇಳಿಜಾರು, ಇಳಿಜಾರಿನ ಕೊನೆಗೆ ಬಂದರು, ಬಂದರಿನಲ್ಲಿ ಮೀನಿನ ಬುಟ್ಟಿ ಮುಂದಿಟ್ಟುಕೊಂಡು ಐಸಿಗೆ ಕಾಯುವ ಹೆಂಗಸರು, ನೆತ್ತಿಯೊಂದನ್ನು ಮುಟ್ಟಿಸಿಬಿಡು ತಂದೇ, ಆಮೇಲೆ ಉರುಳಿಸಿಕೊಂಡಾದರೂ ಹೋಗುತ್ತೇನೆ, ನಿನ್ನನ್ನು ಬೇರೇನೂ ಕೇಳುವುದಿಲ್ಲ — ಕೇಳುವುದಿಲ್ಲ ಅನ್ನುವುದೂ ಸುಳ್ಳೇ, ನಾಳೆ ಇದೇ ಹೊತ್ತಿಗೆ ಮತ್ತೆ ಕೇಳುತ್ತಾಳೆ, ನಾಳೆ ಅಂತ ಒಂದಿದ್ದರೆ.

ಯಾಕೆಂದರೆ ಐಸ್ ಫ್ಯಾಕ್ಟರಿಯ ಯಜಮಾನ ಬೆಳಿಗ್ಗೆ ಎಲ್ಲರೆದುರು ಹೇಳಿಬಿಟ್ಟ, ಏನಮ್ಮಾ, ಡೀಸೆಲ್ಲು ಗಾಡೀನೇ ಕುಡಿಯುತ್ತೋ, ಇಲ್ಲಾ ದಾರೀಲಿ ನೀನೇ ಯಾರಿಗಾದ್ರೂ ಕುಡಿಸ್ತೀಯೋ, ಅಂತ, ಐಸ್ ಹೊರುವವರು ನಕ್ಕರು, ನಿನ್ನ ಗಂಡ ಇದೇ ಗಾಡೀಲಿ ಹೋಗಿ ಬಂದು ಇನ್ನೂ ಮಿಗಿಸ್ತಿದ್ದ, ನಿನಗೆ ಹೋಗೋಕೇ ಸಾಲಲ್ಲ ಅಂದ್ರೆ ಹೆಂಗೆ, ಇವತ್ತೂ ದಾರೀಲಿ ನಿಂತ್ರೆ ನಾಳೆಯಿಂದ ಬೇರೆ ಗಾಡಿ, ಬೇಜಾರು ಮಾಡ್ಕೋಬೇಡ. ಬೇಜಾರಂತೆ. ಟ್ರಿಪ್ಪಿಗೆ ಇಷ್ಟೇ ಎಂದು ಅಳೆದು ಹಾಕಿಸುವ ಡೀಸೆಲ್, ಅಳೆಯುವವನ ಕೈ ಸಡಿಲವಿಲ್ಲ, ಕುಡಿಯುವ ಗಾಡಿಯ ಬಾಯಿಗೆ ತಳವಿಲ್ಲ. ಮೈದುನನಂತೂ ಗುಜರಿಯವನನ್ನು ಮನೆ ಬಾಗಿಲಿಗೇ ಕರೆತಂದಿದ್ದ, ಆ ಮನುಷ್ಯ ಚಕ್ರಕ್ಕೆ ಒದ್ದು, ಬಾನೆಟ್ಟಿಗೆ ಗುದ್ದಿ, ತೂಕದ ಮೇಲೆ ತಗೋತೀನಿ ಅಂದ, ಹೆಣ ನೋಡಲು ಬಂದವನ ದನಿಯಲ್ಲಿ, ಮೈದುನ ತಗ್ಗಿದ ದನಿಯಲ್ಲಿ, ಅತ್ತಿಗೆ, ಐಸಿನ ಕೆಲಸ ಹೋದ ದಿನ ಇದನ್ನ ಕೊಟ್ಟುಬಿಡೋಣ, ಅಂಗಳದಲ್ಲಿ ನಿಲ್ಲಿಸ್ಕೊಂಡು ಏನ್ ಮಾಡ್ತೀರಾ, ಅಣ್ಣನ್ನ ಮನೇಲಿ ಮಲಗಿಸಿ ನೋಡ್ಕೊಳ್ಳಿ, ಅವನಿಗೆ ಎಲ್ಲಿದ್ರೂ ಒಂದೇ ಅಲ್ವಾ. ಒಂದೇ ಅಲ್ಲ ಕಣಪ್ಪ, ಒಂದೇ ಅಲ್ಲ, ಅದನ್ನು ನಿನಗೆ ಹೇಗೆ ತಿಳಿಸಲಿ. ಮನೆಯಲ್ಲಿ ಅವನು ಗೋಡೆಗೆ ಮುಖ ಮಾಡಿದರೆ ಮುಗಿಯಿತು, ಅನ್ನ ಕಲಸಿ ಬಾಯಿಗಿಟ್ಟರೆ ನುಂಗಲೂ ಮರೆಯುತ್ತಾನೆ, ಕಣ್ಣು ತೆರೆದಿದ್ದರೂ ಒಳಗೆ ಯಾರೂ ಇರುವುದಿಲ್ಲ, ಬೀಗ ಹಾಕಿದ ಮನೆಯ ಕಿಟಕಿಯ ಹಾಗೆ — ಗಾಡಿಯಲ್ಲಿ ಕೂರಿಸಿ ಕೀಲಿ ತಿರುಗಿಸಿದರೆ ಸಾಕು, ಬಂದ, ಯಾರೋ ಒಳಗಿನಿಂದ ಎದ್ದು ಬಂದು ಕಿಟಕಿಗೆ ಮುಖವಿಟ್ಟ ಹಾಗೆ, ಕಣ್ಣು ಓಡುತ್ತದೆ, ಗೇರು ಬದಲಾದಾಗ ಹುಬ್ಬು ಕುಣಿಯುತ್ತದೆ, ಕಾಲು ಏಳುತ್ತದೆ. ಗಾಡಿ ಹೋದರೆ ಅವನೂ ಹೋಗುತ್ತಾನೆ, ತೂಕದ ಮೇಲೆ.

ಏನು ಮಾಡಿಲ್ಲ ಅವಳು. ಗ್ಯಾರೇಜಿನವನು ಮೊದಲು ಗಾಳಿ ಸೋಸುವ ಫಿಲ್ಟರ್ ಕಿತ್ತು ಕೊಡವಿದ, ಅಕ್ಕಾ ಇದರಲ್ಲಿ ಜೋಳ ಬಿತ್ತಬಹುದು ಅಂದ, ಹೊಸದು ಹಾಕಿದ, ಅದೇ ಕುಡಿತ. ಟೈರಿಗೆ ಗಾಳಿ ಬಿಗಿ ಮಾಡಿದರು, ಅದೇ ಕುಡಿತ. ಇಂಜೆಕ್ಟರ್ ಬಿಚ್ಚಿ ತೊಳೆದ, ಟ್ಯಾಂಕಿನ ಕೆಳಗೆ ರಟ್ಟು ಹಾಸಿ ರಾತ್ರಿಯಿಡೀ ಬಿಟ್ಟ, ಒಂದು ಹನಿ ಸೋರಿರಲಿಲ್ಲ, ಜಾಕಿಯ ಮೇಲೆ ನಿಲ್ಲಿಸಿ ಚಕ್ರಗಳನ್ನು ಒಂದೊಂದಾಗಿ ತಿರುಗಿಸಿದ, ಬ್ರೇಕ್ ಎಲ್ಲೂ ಕಚ್ಚಿಲ್ಲ ನೋಡಿ, ಹೆಂಗೆ ತಿರುಗುತ್ತೆ, ಗಿರಿಗಿಟ್ಲೆ. ಆಮೇಲೆ ಖಾಲಿ ಗಾಡಿಯನ್ನು ತಾನೇ ಬಯಲ ರಸ್ತೆಯಲ್ಲಿ ಓಡಿಸಿಕೊಂಡು ಬಂದು ಕೀಲಿಯನ್ನು ಅವಳ ಅಂಗೈಗಿಟ್ಟ, ನಾನು ಓಡಿಸಿದ್ರೆ ಚೆನ್ನಾಗೇ ಹೋಗುತ್ತಲ್ಲಕ್ಕಾ, ನಿಮ್ಮ ಕೈಯಲ್ಲೇ ಯಾಕೆ ಹಠ ಮಾಡುತ್ತೋ, ವಯಸ್ಸಾದೋರು ಹಂಗೇ, ಸೊಸೆ ಕೈಯಡುಗೆ ರುಚಿಸಲ್ಲ. ಅವಳಿಗೆ ನಗು ಬಂತು, ಮನೆಗೆ ಬಂದು ಬಚ್ಚಲಲ್ಲಿ ಅತ್ತಳು. ನನ್ನ ಕೈಯಲ್ಲೇ ಯಾಕೆ. ಅವಳು ಜೋರಾಗಿ ಓಡಿಸುವವಳಲ್ಲ, ಬೇಕಿಲ್ಲದೆ ಬ್ರೇಕ್ ಒತ್ತುವವಳಲ್ಲ, ಇಳಿಜಾರಿನಲ್ಲಿ ಮೊಟ್ಟೆ ಹೊತ್ತವಳ ಹಾಗೆ ಇಳಿಯುತ್ತಾಳೆ, ಕೂರುವ ಮೊದಲು ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ, ಇದಕ್ಕಿಂತ ಹೆಚ್ಚು ಭಯಭಕ್ತಿಯಿಂದ ಗಾಡಿ ಓಡಿಸುವವರು ಈ ರಸ್ತೆಯಲ್ಲಿ ಯಾರಿದ್ದಾರೆ, ಹೇಳು.

ಕಾಲು ಮತ್ತೆ ಎದ್ದಿತು, ನಿಂತಿತು, ಪಕ್ಕಕ್ಕೆ ಸರಿಯಿತು. ರೀ, ದಮ್ಮಯ್ಯ, ಸ್ವಲ್ಪ ತಡ್ಕೊಳ್ಳಿ. ಮೊದಮೊದಲು ಮೂತ್ರಕ್ಕೆ ಅಂದುಕೊಂಡಿದ್ದಳು, ಮರದ ನೆರಳಲ್ಲಿ ನಿಲ್ಲಿಸಿ ಬಾಟಲಿ ಹಿಡಿದರೆ ಅವನು ತಲೆಯನ್ನು ಸೀಟಿಗೆ ಚಚ್ಚಿಕೊಂಡ, ಕಣ್ಣಲ್ಲಿ ನೀರು, ನಾಚಿಕೆಯಿರಬೇಕು, ಪಾಪ, ಇಷ್ಟು ವರ್ಷ ಬಾಳಿದ ಹೆಂಡತಿಯ ಕೈಯಲ್ಲಿ, ಎಂದು ಅವಳೂ ಮುಖ ತಿರುಗಿಸಿದ್ದಳು. ಆಮೇಲೆ ಚಪ್ಪಲಿ ಕಚ್ಚುತ್ತದೆಂದು ಈ ಹೊಸ ಕಪ್ಪು ಚಪ್ಪಲಿ. ಆಮೇಲೆ ಎಣ್ಣೆ, ಮೀನಖಂಡದಿಂದ ಹಿಮ್ಮಡಿಯವರೆಗೆ ದಿನಾ ರಾತ್ರಿ ನೀವಿದಳು, ನೀವುವಾಗ ಕಾಲು ಬೆಕ್ಕಿನ ಮರಿಯ ಹಾಗೆ ತೆಪ್ಪಗೆ ಮಲಗಿರುತ್ತಿತ್ತು. ಆಸ್ಪತ್ರೆಯ ನರ್ಸು, ಅದು ನರದ ಚೇಷ್ಟೆ ಕಣಮ್ಮ, ಅದಕ್ಕೆ ಅರ್ಥ ಗಿರ್ಥ ಹುಡುಕಬೇಡಿ ಅಂದಳು. ನರಕ್ಕೆ ಗಾಡಿ ಯಾವುದು ಹಾಸಿಗೆ ಯಾವುದು ಹೇಗೆ ಗೊತ್ತಾಗುತ್ತದೆ, ಅದನ್ನು ಅವಳು ಕೇಳಲಿಲ್ಲ, ಕೇಳಬೇಕಿತ್ತು. ಅಪ್ಪನಿದ್ದಿದ್ದರೆ ಕೇಳುತ್ತಿದ್ದ. ಅಪ್ಪ ಸಂಜೆ ದೀಪ ಹಚ್ಚಿದ ಮೇಲೆ ಪದ್ಯ ಓದುತ್ತಿದ್ದ, ಅವಳು ಕಂಬಕ್ಕೊರಗಿ, ಅರ್ಥವಾಗದೆ, ಬರೀ ದನಿಯನ್ನು ಕುಡಿಯುತ್ತ, ಅಪ್ಪ ಅರ್ಥ ಹೇಳುತ್ತಿರಲಿಲ್ಲ, ಕೇಳು, ಸುಮ್ಮನೆ ಕೇಳು, ಒಂದೇ ಮಾತನ್ನ ಕವಿ ಮೂರು ಸಲ ಹೇಳಿದ್ರೆ ಅವನಿಗೆ ಬೇರೆ ಮಾತು ಬರಲ್ಲ ಅಂತಲ್ಲ ಮಗಳೇ, ನಿನಗೆ ಇನ್ನೂ ಕೇಳಿಸಿಲ್ಲ ಅಂತ. ನಾನು ಕೇಳುತ್ತಲೇ ಇದ್ದೇನಲ್ಲಪ್ಪ, ಈಗಲೂ, ಇಂಜಿನ್ನಿನ ದನಿ ಕೇಳುತ್ತಿದ್ದೇನೆ, ಏರು ಕಡಿದಾದ ಹಾಗೆ ದನಿ ಮೇಲೇರುತ್ತಿದೆ, ಇನ್ನೂ ಮೇಲೆ, ಕಿರುಚುವಷ್ಟು, ಆದರೆ ಆ ಮರ, ರಸ್ತೆಯಂಚಿನ ಆ ಬೋಳು ಮರ ಆಗಿನಿಂದ ಅಲ್ಲೇ ಇದೆ, ಹಿಂದಕ್ಕೆ ಹೋಗುತ್ತಿಲ್ಲ, ಇದೇನಿದು, ರಾಗ ಏರುತ್ತಿದೆ, ಪದ್ಯ ಮುಂದೆ ಹೋಗುತ್ತಿಲ್ಲ.

ವಾಸನೆ. ಸುಟ್ಟ ನಾರಿನ ವಾಸನೆ, ಹಿಂದೆ ಐಸಿಗೆ ಹೊದಿಸಿದ ಗೋಣಿಯದ್ದೆಂದು ಇಷ್ಟು ದಿನ ಅಂದುಕೊಂಡಿದ್ದಳಲ್ಲ, ಒದ್ದೆ ಗೋಣಿ ಯಾಕೆ ಸುಡುತ್ತದೆ — ವಾಸನೆ ಬರುತ್ತಿರುವುದು ಹಿಂದಿನಿಂದಲ್ಲ, ಕೆಳಗಿನಿಂದ, ಕಾಲಿನ ಹತ್ತಿರದಿಂದ, ಹೆದರಿಕೆಗೆ ಅವಳ ಎಡಗಾಲು ತಾನಾಗಿ ಇನ್ನೂ ಒತ್ತಿ ಕೂತಿತು, ಕ್ಲಚ್ಚಿನ ಮೇಲೆ, ಯಾವಾಗಲೂ ಕೂರುವ ಜಾಗದಲ್ಲಿ, ದೇವರ ಪಾದ ಹಿಡಿದ ಹಾಗೆ. ಹಾಗೆಯೇ ಹೇಳಿಕೊಟ್ಟಿದ್ದ ಅವನು, ಮದುವೆಯಾದ ಹೊಸತು, ಇಟ್ಟಿಗೆ ಗೂಡಿನ ಹಿಂದಿನ ಬಯಲಲ್ಲಿ, ಅವಳನ್ನು ಸ್ಟೀರಿಂಗ್ ಮುಂದೆ ಕೂರಿಸಿ ತಾನು ಈಗ ಕೂತಲ್ಲೇ ಕೂತು, ಹೆದರಿಕೆಯಾದ್ರೆ ಕಣ್ಣು ಮುಚ್ಕೊಂಡು ಕ್ಲಚ್ ಒತ್ತು, ಅದು ಕೈ ಬಿಡಲ್ಲ, ಇಂಜಿನ್ ನಿಲ್ಲಲ್ಲ, ಅಷ್ಟು ನೆನಪಿಟ್ಕೋ ಸಾಕು. ಇಟ್ಟುಕೊಂಡಳು. ಅವನಿಗೆ ಲಕ್ವ ಹೊಡೆದ ಮೇಲೆ ಗಾಡಿ ಹತ್ತಿದ ಮೊದಲ ದಿನದಿಂದ ಹೆದರಿಕೆ ಇಲ್ಲದ ಒಂದು ಗಳಿಗೆ ಇತ್ತೇ, ಕಾಲು ಅಲ್ಲಿಂದ ಎದ್ದದ್ದಿತ್ತೇ — ಆದರೆ ಅವನು ಅಷ್ಟಕ್ಕೇ ನಿಲ್ಲಿಸಿರಲಿಲ್ಲ, ಇನ್ನೂ ಏನೋ ಹೇಳಿದ್ದ, ನಕ್ಕಿದ್ದ, ಒತ್ತಿದ್ರೆ ಇಂಜಿನ್ನೂ ಚಕ್ರಾನೂ ದೂರ ದೂರ ಕಣೇ, ಬಿಟ್ರೆ ಜೋಡಿ, ಅರ್ಧಂಬರ್ಧ ಮೆಟ್ಟಿಕೊಂಡಿದ್ರೆ ನಮ್ಮಿಬ್ಬರ ಜಗಳದ ಹಾಗೆ, ಹೋಗೋದೂ ಇಲ್ಲ ಬಿಡೋದೂ ಇಲ್ಲ, ಉಜ್ಜಿ ಉಜ್ಜಿ ಸವೀತಾವೆ, ಇಂಜಿನ್ ಸುಮ್ಮನೆ ಕುಡೀತಾ ಇರುತ್ತೆ. ಅದಕ್ಕೇ ಗೇರಿನ ಕೆಲಸ ಮುಗಿದ ಕೂಡಲೇ ಕಾಲು ತೆಗೀಬೇಕು, ಹೀಗೆ, ನೋಡಿಲ್ಲಿ, ನನ್ನ ಕಾಲು ನೋಡು ಅಂತ — ಪೆಡಲೇ ಇಲ್ಲದ ತನ್ನ ಕಡೆಯ ನೆಲದ ಮೇಲೆ, ಎಡಗಾಲನ್ನು ಒಂದು ಗೇಣು ಎತ್ತಿ, ಅಲ್ಲಿ ಒಂದು ಚಣ ನಿಲ್ಲಿಸಿ, ಮೆಲ್ಲಗೆ ಪಕ್ಕಕ್ಕೆ.

ಬಾಗಿಲ ಬುಡದಲ್ಲಿ.

ಅಯ್ಯೋ ಅಂದಳೋ ಇಲ್ಲವೋ, ದನಿ ಹೊರಗೆ ಬಂತೋ ಇಲ್ಲವೋ, ತೆಗೆದೆ ರೀ, ತೆಗೆದೆ, ನೋಡಿ, ಕಾಲು ಎಷ್ಟು ಭಾರ, ತನ್ನದಲ್ಲದ ಹಾಗೆ, ಎತ್ತಿದಳು, ಪಕ್ಕಕ್ಕಿಟ್ಟಳು, ಗಾಡಿ ಒಂದು ಉಸಿರು ಹಿಡಿದುಕೊಂಡಿತು, ಮಾರು ದೂರ ಎಳೆದುಕೊಂಡು ಹೋಯಿತು, ಬೋಳು ಮರ ಹಿಂದಕ್ಕೆ ಸರಿಯಿತು, ಹೋಗುತ್ತೆ, ಹೋಗುತ್ತೆ, ತಂದೇ — ಮತ್ತೆ ಅದೇ ಕಿರುಚು, ಹಿಡಿಯುವುದಕ್ಕೆ ಕ್ಲಚ್ಚಿನಲ್ಲಿ ಏನೂ ಉಳಿದಿರಲಿಲ್ಲ, ಎಲ್ಲವನ್ನೂ ಅವಳ ಕಾಲೇ ಉಜ್ಜಿ ತಿಂದುಬಿಟ್ಟಿತ್ತು, ಗಾಡಿ ನಿಂತಿತು, ಹಿಂದಕ್ಕೆ ಜಾರಿತು, ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದಳು, ಕೀಲಿ ತಿರುಗಿಸಿದಳು. ಸದ್ದಡಗಿತು. ಹಿಂದೆ ಐಸ್ ಕರಗಿ ಡಾಂಬರಿನ ಮೇಲೆ ತಟ್ ತಟ್ ಅನ್ನುತ್ತಿದೆ, ಬಂದರಿನಲ್ಲಿ ಕಾಯುತ್ತಿದ್ದಾರೆ, ನಾಳೆ ಬೇರೆ ಗಾಡಿ, ಗುಜರಿಯವನ ಬೂಟುಗಾಲು ಚಕ್ರಕ್ಕೆ, ಗೋಡೆಗೆ ಮುಖ ಮಾಡಿ ಮಲಗುವವನು, ನರದ ಚೇಷ್ಟೆ ಅಲ್ಲ ಕಣಮ್ಮ, ಮಾತು, ಇಷ್ಟು ದಿನ, ಪ್ರತಿ ತಿರುವಿನಲ್ಲೂ, ಒಂದೇ ಮಾತು, ನಾನು ಬಾಟಲಿ ಹಿಡಿದೆ, ಎಣ್ಣೆ ತಿಕ್ಕಿದೆ, ಚಪ್ಪಲಿ ತಂದೆ, ರೀ, ಈಗ ಕೇಳಿಸಿತು, ಇನ್ನೊಂದು ಸಲ ಹೇಳಿ, ಒಂದೇ ಒಂದು ಸಲ, ಈ ಸಲ ನೋಡುತ್ತೇನೆ — ಅವಳು ಬಗ್ಗಿ ನೋಡಿದಳು. ಬಾಗಿಲ ಬುಡದಲ್ಲಿ ಕಾಲು ಕೂತಿತ್ತು, ಕಪ್ಪು ರಬ್ಬರ್ ಚಪ್ಪಲಿಯ ಎಡಗಾಲು, ಕೆಲಸ ಮುಗಿದ ಕಾಲಿನ ಹಾಗೆ, ಪಕ್ಕಕ್ಕೆ. ಅದು ಏಳುತ್ತದೆಂದು ಅವಳು ಕಾದಳು. ಏಳಲಿಲ್ಲ.